ಏಳನೇ ಬೆಸುಗೆಯ ವಿಭೂತಿ

ಗುಬ್ಬಿಯ ರೈಸ್ ಮಿಲ್ಲಿನ ಬಾಯ್ಲರಿಗೆ ಏಳು ಕಡೆ ವೆಲ್ಡಿಂಗ್ ಮಾಡಿದ ರುದ್ರಯ್ಯ, ಮೀಸೆ ತಿರುವುತ್ತ ಎಲ್ಲರೆದುರು ಒಂದು ಮಾತು ಆಡಿಬಿಟ್ಟಿದ್ದ: "ನನ್ ಬೆಸುಗೇಲಿ ಒಂದ್ ಬಿರುಕು ಸಿಕ್ಕಿದ್ರೆ ಈ ಮೀಸೆ ಬೋಳಿಸ್ತೀನಿ!" ಇಂಥ ಮಾತು ಆಡುವ ಮೊದಲು ಮನುಷ್ಯ ಒಂದು ಲೋಟ ನೀರಾದರೂ ಕುಡಿಯಬೇಕು. ರುದ್ರಯ್ಯ ಕುಡಿಯಲಿಲ್ಲ.

ಮಾರನೆಯ ದಿನವೇ ತುಮಕೂರಿನಿಂದ ಇನ್ಸ್‌ಪೆಕ್ಟರ್ ಅನಂತರಾಮಯ್ಯ ಬಸ್ಸಿಳಿದರು. ೧೯೮೩ರ ಆ ದಿನಗಳಲ್ಲಿ ಊರಲ್ಲಿ ಯಾರೂ ಕಂಡಿರದ ಹೊಸ ಡಬ್ಬಿಯೊಂದು ಅವರ ಕೈಯಲ್ಲಿತ್ತು. ಅದರ ಅಯಸ್ಕಾಂತವನ್ನು ಬೆಸುಗೆಯ ಮೇಲೆ ಎಳೆದರೆ, ಕಣ್ಣಿಗೆ ಕಾಣದ ಬಿರುಕು ಒಳಗಿದ್ದರೂ ಮೀಟರಿನ ಮುಳ್ಳು ಎಗರುತ್ತಿತ್ತು.

ಒಂದಲ್ಲ, ಆರು ಬೆಸುಗೆ ದಾಟಿದರೂ ಮುಳ್ಳು ಕದಲಲಿಲ್ಲ. "ನಮ್ ರುದ್ರಯ್ಯ ಅಂದ್ರೆ ಏನಂದ್ಕೊಂಡ್ರಿ!" ಎಂದು ಮಿಲ್ಲಿನ ಯಜಮಾನ ಚನ್ನವೀರಯ್ಯ ಎದೆಯುಬ್ಬಿಸಿದ. ರುದ್ರಯ್ಯ ಮಾತ್ರ ಬೆವರುತ್ತಿದ್ದ. ಏಳನೆಯದನ್ನು ಹಾಕುವಾಗ ಕರೆಂಟು ಎರಡು ಸಲ ಹೋಗಿ ಬಂದಿತ್ತು. ಮೇಲೆ ನುಣ್ಣಗೆ ಉಜ್ಜಿದ್ದರೂ ಒಳಗೆ ಏನಿದೆಯೋ ಎಂಬ ಅಳುಕು. ಅದಕ್ಕೇ ಅದೊಂದಕ್ಕೆ ಮಾತ್ರ ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮದ ಬೊಟ್ಟಿಟ್ಟು, ಶಿವನಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದ.

ಅನಂತರಾಮಯ್ಯ ವಿಭೂತಿ ಕಂಡವರೇ ಚಪ್ಪಲಿ ಬಿಟ್ಟು ಕೈಮುಗಿದರು. "ಪೂಜೆ ಆಗಿರೋದನ್ನ ಒರೆಸಬಾರದು. ಆರು ಸರಿಯಿದ್ದ ಮೇಲೆ ಏಳನೇದೂ ಸರೀನೇ" ಎಂದು ಪಾಸು ಬರೆಯಲು ಪೆನ್ನು ತೆಗೆದರು.

ಮೀಸೆ ಉಳಿಯಿತು! ರುದ್ರಯ್ಯನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಅಷ್ಟರಲ್ಲಿ ಒಲೆಗೆ ಭತ್ತದ ಹೊಟ್ಟು ಹಾಕುವ ನಿಂಗಮ್ಮ ಬಂದು, ಸರಿಯಾಗಿ ಆ ಏಳನೇ ಬೆಸುಗೆಯ ಮುಂದೆಯೇ ಬೆನ್ನು ಮಾಡಿ ಕೂತು ಎಲೆಯಡಿಕೆ ಬಿಚ್ಚಿದಳು.

"ನಾಳೆಯಿಂದ ಇದೇ ನನ್ ಜಾಗ ಕಣಣ್ಣ. ನೀನ್ ಮಾಡಿದ್ದು ಅಂದ್ಮೇಲೆ ಯಾವ ಭಯಾನೂ ಇಲ್ಲ ಬುಡು."

ರುದ್ರಯ್ಯನ ಕೈ ಮೀಸೆಯಿಂದ ಕೆಳಗಿಳಿಯಿತು. "ಮೇಲೇಳವ್ವ ನೀನು" ಎಂದವನೇ ಹೆಗಲ ಟವೆಲ್ಲಿನಿಂದ ವಿಭೂತಿ ಒರೆಸಿಬಿಟ್ಟ. "ಸಾರ್, ಇದಕ್ಕೂ ಇಡಿ."

ಮುಳ್ಳು ಎಗರಿ ಕೊನೆಗೆ ಹೋಗಿ ಬಡಿಯಿತು.

"ಅಲ್ರೀ ರುದ್ರಯ್ಯ, ಮೆಷಿನ್ ಇಡೋಕ್ ಮುಂಚೇನೇ ನಿಮಗೆ ಹೆಂಗ್ ಗೊತ್ತಾಯ್ತು?" ಅನಂತರಾಮಯ್ಯ ಬೆರಗಾಗಿ ಕೇಳಿದರು.

"ಗೊತ್ತಿಲ್ದಿದ್ರೆ ವಿಭೂತಿ ಯಾಕ್ ಬಳೀತಿದ್ದೆ, ಸಾರ್?"

ಆ ಬೆಸುಗೆ ಕಿತ್ತು, ಮತ್ತೆ ಹಾಕಿ, ಮುಳ್ಳು ಸುಮ್ಮನಾದ ಮೇಲೆ ರುದ್ರಯ್ಯ ನೇರವಾಗಿ ಕ್ಷೌರದಂಗಡಿಗೆ ಹೋದ. ಬೋಳು ಮೂತಿ ಕಂಡು ಹೆಂಡತಿ ದಾಕ್ಷಾಯಣಿ ನಕ್ಕು ನಕ್ಕು ಸುಸ್ತಾದಳು. ಮುಂದೆ ಅನಂತರಾಮಯ್ಯ ಕುಣಿಗಲ್ಲಿಗೆ ಹೋಗಲಿ, ಇನ್ನೆಲ್ಲಿಗೇ ಹೋಗಲಿ, ಡಬ್ಬಿ ಬಿಚ್ಚುವ ಮೊದಲು ವೆಲ್ಡರನ್ನು ಕೇಳುತ್ತಿದ್ದುದು ಒಂದೇ ಮಾತು: "ಎಲ್ಲಪ್ಪಾ ಪೂಜೆ ಮಾಡಿರೋದು? ಅಲ್ಲಿಂದಲೇ ಶುರು ಮಾಡೋಣ."