ಮಡಿಯಲ್ಲಿದ್ದವಳ ಉತ್ತರ

ನನ್ನ ಹೆಂಡತಿ ತಿರುಮಲಮ್ಮ ಮದ್ದೂರಿನ ನಮ್ಮ ಮನೆಯಲ್ಲಿ ಪುಳಿಯೋಗರೆ ಗೊಜ್ಜು ಮಾಡಿ ಮಾರುತ್ತಿದ್ದಳು. ದೇವರಿಗೆ ನೈವೇದ್ಯವಾಗದೆ ಒಂದು ಡಬ್ಬಿಯೂ ಹೊರಗೆ ಹೋಗುತ್ತಿರಲಿಲ್ಲ. ಮಡಿಯಲ್ಲಿದ್ದಾಗ ಅವಳು ಫೋನು ಮುಟ್ಟುವಂತಿರಲಿಲ್ಲ. ಅದಕ್ಕೇ ವಾಟ್ಸಾಪಿನಲ್ಲಿ ಗಿರಾಕಿಗಳು ಕೇಳಿದ್ದನ್ನು ನಾನು ನಡುಮನೆಯಿಂದ ಓದಿ ಹೇಳುತ್ತಿದ್ದೆ. ಅವಳು ಒಲೆಯ ಮುಂದಿನಿಂದ ಕೂಗಿದ ಉತ್ತರವನ್ನು ಬರೆದು ಕಳಿಸುತ್ತಿದ್ದೆ.

ಅವಳ ವೈಕುಂಠ ಸಮಾರಾಧನೆ ಮುಗಿಯಿತು. ಇನ್ನು ನನಗೇನು ಕೆಲಸವೆಂದು, ಗಿರಾಕಿಗಳ ಗುಂಪಿಗೆ 'ಇನ್ನು ಮುಂದೆ ಗೊಜ್ಜು ಸಿಗುವುದಿಲ್ಲ' ಎಂದು ಬರೆದೆ. ಕಳಿಸಲು ಕೈ ಬರಲಿಲ್ಲ. ಅಷ್ಟರಲ್ಲಿ ಬೆಳಕವಾಡಿಯ ಭಾಗ್ಯಲಕ್ಷ್ಮಿಯಿಂದ ವಾಯ್ಸ್ ಮೆಸೇಜ್ ಬಂತು.

"ಅಮ್ಮಾರು ತೀರ್ಕೊಂಡಿದ್ದು ನಮ್ಗೂ ಸಂಕ್ಟ ಕಣ್ ಸ್ವಾಮಿ. ಆದ್ರೂ ಕೇಳ್ತೀನಿ, ಗೊಜ್ಜು ಯಾವಾಗ ಕೊಟ್ಟೀರಿ?"

ನಾನು ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿ, "ಭಾಗ್ಯಲಕ್ಷ್ಮಿ ಕೇಳ್ತಿದಾಳೆ. ಯಾವಾಗ ಅಂತ ಬರೀಲೇ?" ಎಂದುಬಿಟ್ಟೆ. ಕೇಳಿದ ಮೇಲೆ ಅವಳಿಲ್ಲವೆಂಬುದು ನೆನಪಾಯಿತು.

"ಶುಕ್ರವಾರ ಅಂತ ಬರೀರಿ, ಮಾವ."

ಒಳಗೆ ಸೊಸೆ ಪ್ರಿಯಂವದಾ ಮಡಿಯುಟ್ಟು ಮೆಣಸಿನಕಾಯಿ ಹುರಿಯುತ್ತಿದ್ದಳು.

"ಅತ್ತೆ ಕೈರುಚಿ ಬರದಿದ್ರೆ ಬೈಕೋಬೇಡಿ ಅಂತಲೂ ಬರೀರಿ."

ಮೊದಲು ಬರೆದದ್ದನ್ನು ಅಳಿಸಿದೆ. ಸೊಸೆ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದು ಕಳಿಸಿದೆ.

ಭಾಗ್ಯಲಕ್ಷ್ಮಿಯ ದನಿ ಕೂಡಲೇ ಬಂತು. "ಬೈದೆ ಬುಟ್ಟೇವಾ? ಉಪ್ಪು ಕಮ್ಮಿ ಅಂತ ಅಮ್ಮಾರ್‍ನೇ ಬುಟ್ಟಿಲ್ಲ ನಾನು! ಮೊದ್ಲು ಕಳ್ಸೋಕೆ ಹೇಳಿ."

ಒಳಗೆ ಚೆನ್ನಾಗಿ ಕೇಳಲೆಂದು, ದನಿ ಹೆಚ್ಚಿಸಿ ಅದನ್ನು ಇನ್ನೊಮ್ಮೆ ಹಾಕಿದೆ.