ಹಾಡಿನೊಳಗಿನ ಅಣ್ಣ

ತಮ್ಮನ ಶವಪೆಟ್ಟಿಗೆಯನ್ನು ಚರ್ಚಿನೊಳಗೆ ಇಳಿಸಿ ಹೋಬರ್ಟ್ ಇನ್ನೂ ಬೆನ್ನು ನೆಟ್ಟಗೆ ಮಾಡಿರಲಿಲ್ಲ, ತಮ್ಮನ ಅಭಿಮಾನಿಯೊಬ್ಬಳು, ಬೆಳಗಿನಿಂದ ಐದನೆಯವಳು, ಬಂದು ಹೆಗಲು ತಟ್ಟಿದಳು. ಕೈಯಲ್ಲಿ ತಮ್ಮನ ಕಾದಂಬರಿ.

"ಕುಡಿಯೋದು ಬಿಟ್ರಂತೆ, ಒಳ್ಳೇದಾಯ್ತು ಯಜಮಾನ್ರೇ. ಎಷ್ಟು ವರ್ಷ ಆಯ್ತು?"

"ಎಪ್ಪತ್ನಾಲ್ಕು," ಅಂದ. ಅದು ಅವನ ವಯಸ್ಸು.

ಕೆಂಟಕಿಯ ಆ ಕಣಿವೆಯಲ್ಲಿ ನಲವತ್ತು ವರ್ಷದಿಂದ ಕೀರ್ತನೆ ಹೇಳಿಕೊಡುತ್ತಿದ್ದವನು ಹೋಬರ್ಟ್. ಆದರೆ ತಮ್ಮ ಡೆನ್ಜಿಲ್ ಗಿಟಾರು ಹಿಡಿದು ಕಟ್ಟಿದ ಹನ್ನೊಂದು ಹಾಡುಗಳಲ್ಲಿ, ಬರೆದ ಎರಡು ಕಾದಂಬರಿಗಳಲ್ಲಿ, ಕುಡಿದು ಕೊಟ್ಟಿಗೆ ಸುಟ್ಟ ಹೋಬರ್ಟ್ ಎಂಬ ಅಣ್ಣನೊಬ್ಬನಿದ್ದ. ಲೋಕಕ್ಕೆ ಗೊತ್ತಿದ್ದವನು ಅವನೇ.

"ಇವತ್ತಾದ್ರೂ ನಿಜ ಹೇಳ್ಬಿಡು," ಎಂದಳು ಹೆಂಡತಿ ವರ್ನಾ. "ಇಷ್ಟು ಜನ ಮತ್ತೆ ಸಿಗಲ್ಲ. ಇಲ್ದಿದ್ರೆ ನಾಳೆ ನಿನ್ನ ಗೋರಿ ಮೇಲೂ ಸೀಸೆ ಇಟ್ಟು ಹೋಗ್ತಾರೆ."

"ಹೆಣದ ಮುಂದೆ ಜಗಳ ಆಡ್ಲಾ?"

"ಹೆಣಕ್ಕೇನು, ಹಾಯಾಗಿ ಮಲಗಿದೆ. ಒದ್ದಾಡ್ತಿರೋನು ನೀನು."

*

ಎಷ್ಟೋ ವರ್ಷದ ಹಿಂದೆ ಒಮ್ಮೆ ಮಟಮಟ ಮಧ್ಯಾಹ್ನ ತಮ್ಮನನ್ನು ಹೆಂಡದಂಗಡಿಯಿಂದ ಎತ್ತಿ ತಂದು ಗಾಡಿಯಲ್ಲಿ ಕೂರಿಸುವಾಗ ಹೋಬರ್ಟ್ ಕೇಳಿದ್ದ:

"ಕುಡಿಯೋನು ನೀನು. ನನ್ನ ಹೆಸರು ಯಾಕೋ ಹಾಳು ಮಾಡ್ತೀಯ?"

"ಅಣ್ಣಾ, ನಾನು ಕುಡುಕ ಅಂತ ಹಾಡಿದ್ರೆ ಅಮ್ಮ ರೇಡಿಯೋ ಮುಂದೇನೇ ಎದೆ ಒಡ್ಕೊಳ್ತಾಳೆ. ನೀನು ಅಂದ್ರೆ ನಂಬೋದೇ ಇಲ್ಲ. ನಕ್ಕು ಸುಮ್ಮನಾಗ್ತಾಳೆ."

ಅಮ್ಮ ನಿಜಕ್ಕೂ ನಕ್ಕಿದ್ದಳು. ಅವಳು ಹೋಗಿ ಮೂವತ್ತು ವರ್ಷವಾದರೂ ಹಾಡು ಮಾತ್ರ ನಿಲ್ಲಲಿಲ್ಲ.

*

ಆ ಚರ್ಚಿನಲ್ಲಿ ವಾದ್ಯ ನಿಷಿದ್ಧ. ಹೋಬರ್ಟ್ ಒಂದು ಸಾಲು ಹೇಳಿದರೆ ಎಲ್ಲರೂ ಅದನ್ನೇ ನಿಧಾನವಾಗಿ ಎಳೆದು ಹಾಡಬೇಕು. ಡೆನ್ಜಿಲ್ ಹಾಡಿ ಹೆಸರು ಮಾಡಿದ ನ್ಯಾಶ್ವಿಲ್ ಪಟ್ಟಣದಿಂದ ಬಂದವರಿಗೆ ವರ್ನಾ ಬಾಗಿಲಲ್ಲೇ ತಿಳಿಸಿದ್ದಳು: "ಅವ್ರು ಏನು ಹೇಳ್ತಾರೋ ಅದನ್ನೇ ಹೇಳಿ, ಸಾಕು."

ಮೂರು ಸಾಲು ಸರಾಗವಾಗಿ ಹೋಯಿತು. ನಾಲ್ಕನೆಯದಕ್ಕೆ ಉಸಿರು ಎಳೆದುಕೊಳ್ಳುವಾಗ ಮುಂದಿನ ಬೆಂಚಿನ ಪಿಸುಮಾತು ಕಿವಿಗೆ ಬಿತ್ತು: "ಪಾಪ, ನಾಲಿಗೆ ಇನ್ನೂ ತಡವರಿಸುತ್ತೆ ನೋಡು. ಪೂರ್ತಿ ಬಿಟ್ಟಿಲ್ಲ."

ಹೋಬರ್ಟನ ಸಹನೆಯ ಕಟ್ಟೆ ಒಡೆಯಿತು. ರಾಗವನ್ನು ಮಾತ್ರ ಬಿಡಲಿಲ್ಲ; ನಲವತ್ತು ವರ್ಷದ ಅಭ್ಯಾಸ.

"ಒಂದು ಹನಿ ಹೆಂಡ ಮುಟ್ಟಿಲ್ಲ ನಾನು, ಹುಟ್ಟಿದಾಗಿನಿಂದ..."

ಊರವರು ತೆರೆದ ಬಾಯಿ ತೆರೆದಂತೆಯೇ ನಿಂತರು. ವರ್ನಾ ಕಣ್ಣು ಮುಚ್ಚಿಕೊಂಡಳು. ಪಟ್ಟಣದವರು ಮಾತ್ರ ಭಕ್ತಿಯಿಂದ ಸಾಲು ಎತ್ತಿಕೊಂಡರು. ಅವರ ನಡುವೆ, ಡೆನ್ಜಿಲನಿಗೆ ಮೂವತ್ತು ವರ್ಷ ಡ್ರಮ್ಮು ಬಾರಿಸಿದ ದಡಿಯ, ಬೆಳಗಿನಿಂದಲೇ ವಿಸ್ಕಿ ನಾರುತ್ತಿದ್ದವನು, ಎದೆಯ ಮೇಲೆ ಕೈಯಿಟ್ಟುಕೊಂಡು, ಕೆನ್ನೆಯ ಮೇಲೆ ನೀರು ಇಳಿಯುತ್ತಿರಲು, ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಉದ್ದಕ್ಕೆ ಎಳೆದ: "ಹುಟ್ಟಿದಾಗಿನಿಂದ..."