ಅಜ್ಜಿಯ ದನಿಗೊಂದು ತಟ್ಟೆ

ಗಂಟಲ ಆಪರೇಷನ್ ಆದಮೇಲೆ ಅಜ್ಜಿಯ ದನಿ ಪಿಸುಮಾತಿಗೆ ಇಳಿದಿತ್ತು. ಮುಷ್ಕರದ ದಿನಗಳಲ್ಲಿ ಕಾರ್ಖಾನೆಯ ಗೇಟು ನಡುಗುವಂತೆ ಹಾಡಿದ್ದ ಆ ಕಂಠ ಈಗ ಉಳಿದಿದ್ದು ಸಂಘದವರು ಮಾಡಿಸಿದ್ದ ಒಂದೇ ಒಂದು ರೆಕಾರ್ಡಿನಲ್ಲಿ. ಅದನ್ನು ಹೊತ್ತು ತಿರುಗುವ ಪ್ಲೇಯರಿನ ತಟ್ಟೆ ಸೊಟ್ಟಗಾಗಿ, ಹಾಡು ಓಲಾಡುತ್ತಿತ್ತು. ಹೊಸ ತಟ್ಟೆ ಆಗಬೇಕಿತ್ತು.

ಲೇತಿನಲ್ಲಿ ಲೋಹ ಕಡೆಯುವ ಕೆಲಸದ ಅವಳ ಮಗಳು ತನ್ನ ವರ್ಕ್‌ಶಾಪಿನ ಮೇಜಿನ ಮೇಲೆ ತಟ್ಟೆಗಾಗುವ ಬಿಲ್ಲೆಗಳನ್ನು ಹರವಿ, ಅಲ್ಯೂಮಿನಿಯಂ ಬಿಲ್ಲೆಗೆ ಬೆರಳ ಗೆಣ್ಣಿನಿಂದ ಕುಟ್ಟಿದಳು. ಅದು ಣಣ್ ಎಂದಿತು.

"ಇದು ತಾನೂ ಹಾಡತ್ತೆ. ನಮಗೆ ಬಾಯಿ ಮುಚ್ಕೊಂಡು ಕೇಳೋ ತಟ್ಟೆ ಬೇಕು."

"ಹಾಗಾದ್ರೆ ನಿಮ್ಮಪ್ಪನ ಜಾತಿದಂತೂ ಬೇಡ," ಅಜ್ಜಿ ಪಿಸುಗುಟ್ಟಿದಳು. ಅವಳ ಕೈ ಆಗಲೇ ಗಾಜಿನಂಥ ದಪ್ಪನೆಯ ಅಕ್ರಿಲಿಕ್ ಬಿಲ್ಲೆಯನ್ನು ಸವರುತ್ತಿತ್ತು. "ಇದು ಚೆನ್ನಾಗಿದೆ ಕಣೇ. ನೀರು ನಿಂತ ಹಾಗಿದೆ."

"ಪ್ಲಾಸ್ಟಿಕ್ಕು!" ಓಣಿಯವರು ಎರಕದಜ್ಜ ಎನ್ನುವ ಅಜ್ಜಿಯ ಗಂಡ ಗುಡುಗಿದ. "ಇವಳ ಹಾಡು ಪ್ಲಾಸ್ಟಿಕ್ ಮೇಲಾ?"

"ರೆಕಾರ್ಡೂ ಪ್ಲಾಸ್ಟಿಕ್ಕೇ ಅಪ್ಪ."

ಅಜ್ಜ ಗೋಣಿಚೀಲದಿಂದ ಯಂತ್ರವೊಂದರ ಬೀಡು ಕಬ್ಬಿಣದ ದುಂಡನೆಯ ಮುಚ್ಚಳ ತೆಗೆದ. ಮಾಲೀಕ ಗೇಟಿಗೆ ಬೀಗ ಜಡಿದು, ಕಾರ್ಮಿಕರ ಬೆವರು ಕುಡಿದ ಯಂತ್ರಗಳನ್ನು ಗುಜರಿಗೆ ತೂಗಿದ ದಿನ, ಲಾರಿಯಿಂದ ಇದೊಂದನ್ನು ಕಿತ್ತು ಹೆಗಲ ಮೇಲೆ ಹೊತ್ತು ತಂದಿದ್ದ. ತಾನೇ ಎರಕ ಹೊಯ್ದದ್ದು. ಮಗಳು ಕುಟ್ಟಿದಳು: ದಪ್. ಸದ್ದೇ ಇಲ್ಲ. ಅವಳ ಮುಖ ಅರಳಿತು. ನಡುವಿನ ತಗ್ಗನ್ನು ಹಾಗೇ ಬಿಟ್ಟು ಅಂಚನ್ನು ಕಡೆದು, ತೂಕ ಸರಿಮಾಡಿ ಪ್ಲೇಯರಿಗೆ ಕೂರಿಸಿದಳು.

ರೆಕಾರ್ಡಿನ ಮೇಲೆ ಸೂಜಿ ಇಳಿಸಹೊರಟಾಗ, ಯಾರೋ ಕೆಳಗಿನಿಂದ ಜಗ್ಗಿದ ಹಾಗೆ ಸೂಜಿ ಹೊತ್ತ ತೋಳು ಬಗ್ಗಿತು. ಮಗಳು ಗಪ್ಪನೆ ಹಿಡಿದೆತ್ತಿದಳು.

"ಅಯ್ಯೋ! ಸೂಜಿ ಹಿಂದೆ ಮ್ಯಾಗ್ನೆಟ್ ಇರತ್ತಲ್ಲ, ಕಬ್ಬಿಣ ಕಂಡ್ರೆ ಬಿಡತ್ತಾ? ಇಷ್ಟು ಭಾರ ಬಿದ್ರೆ ಅಮ್ಮನ ದನೀನೇ ಕೆರೆದು ಹಾಕತ್ತೆ."

ಬದುಕೆಲ್ಲ ಕಬ್ಬಿಣದ ಜೊತೆ ಕಳೆದ ಅಪ್ಪ ಮಗಳಿಬ್ಬರಿಗೂ ಅದು ಹೊಳೆದಿರಲಿಲ್ಲ. ಅಜ್ಜನ ಮುಖ ಬಾಡಿತು. ತಟ್ಟೆ ಬಿಚ್ಚಿ ಗೋಣಿಗೆ ತುರುಕತೊಡಗಿದ.

ಅಜ್ಜಿ ಅವನ ಕೈ ಹಿಡಿದಳು. ತಟ್ಟೆಯ ತಗ್ಗಿನಲ್ಲಿ ಒಂದು ಉಬ್ಬು ಉಂಗುರ ಕಂಡಿತ್ತು. "ಇದೇನ್ರೀ?"

"ನಿನ್ನ ಬಳೆ," ಅಜ್ಜ ನೆಲ ನೋಡುತ್ತ ಅಂದ. "ಅಚ್ಚಿನ ಮರಳಲ್ಲಿ ಒತ್ತಿದ್ದೆ. ಎತ್ತೋವಾಗ ಮುರೀತು. ಮಾಲೀಕನ ಮಷೀನ್ ಮೇಲೆ ನಿನ್ನ ಗುರುತೊಂದು ಇರಲಿ ಅಂತ..."

"ಕಳ್ಳ! ಆ ಬಳೆಗೆ ಮನೆಯೆಲ್ಲ ಬುಡಮೇಲು ಮಾಡಿದ್ನಲ್ರೀ! ನೀವೂ ನನ್ನ ಜೊತೆ ಮಂಚದಡಿ ನುಗ್ಗಿ ಹುಡುಕಿದ್ರಿ!"

ಬಯ್ಯುತ್ತಲೇ ಅವಳು ತನ್ನ ಅಕ್ರಿಲಿಕ್ ಬಿಲ್ಲೆಯನ್ನು ಕಬ್ಬಿಣದ ಮೇಲಿಟ್ಟು ನೋಡಿದಳು. ನೀರಿನಡಿಯಲ್ಲಿ ಬಿದ್ದ ಹಾಗೆ ಬಳೆ ಕಂಡಿತು. ಮಗಳು ನಡುವೆ ತೂತು ಕೊರೆದು ಎರಡನ್ನೂ ಒಟ್ಟಿಗೆ ಕೂರಿಸಿ, ಜೀವ ಕೈಯಲ್ಲಿ ಹಿಡಿದುಕೊಂಡು ತೋಳನ್ನು ಮೇಲೆ ತಂದಳು. ಅಷ್ಟು ದಪ್ಪದ ಆಚೆಯಿಂದ ಕಬ್ಬಿಣದ ಸೆಳೆತ ಮುಟ್ಟಲಿಲ್ಲ. ತೋಳು ಹಗುರಾಗಿ ತೇಲಿತು.

ಪುಟ್ಟ ಮೋಟರಿಗೆ ಆ ಭಾರ ಎಳೆಯಲಾಗಲಿಲ್ಲ. ಅಜ್ಜ ಬೆರಳಿನಿಂದ ಮೆಲ್ಲಗೆ ನೂಕಿಕೊಟ್ಟ. ಒಮ್ಮೆ ವೇಗ ಹಿಡಿದ ಮೇಲೆ ಹಾಡು ಅಲುಗಲಿಲ್ಲ: ಗೇಟಿನ ಮುಂದೆ ನಿಂತ ಹರೆಯದ ಹೆಣ್ಣಿನ ಗಟ್ಟಿ ದನಿ.

ಅಜ್ಜ ತುಟಿಪಿಟಕ್ಕೆನ್ನದೆ ಕೂತಿದ್ದ.

"ನೋಡೇ," ಅಜ್ಜಿ ಮಗಳ ಕಿವಿಯಲ್ಲಿ ಉಸುರಿದಳು, "ಕೊನೆಗೂ ಬಾಯಿ ಮುಚ್ಕೊಂಡು ಕೇಳ್ತಿದಾರೆ."